ವೈದ್ಯಕೀಯ ಸ್ನಾತಕೋತ್ತರ ಡಿಪ್ಲೊಮಾ: ಪರೀಕ್ಷೆಗೆ ಮುಖ್ಯಾಂಶಗಳು

• ಎಂಬಿಬಿಎಸ್ ನಂತರ ಎಂಡಿ, ಎಂಎಸ್‌ಗೆ 3 ವರ್ಷ. ಡಿಪ್ಲೊಮಾಕ್ಕೆ 2 ವರ್ಷ. ಎಂಡಿಗೆ ಥೀಸಿಸ್ ಕಡ್ಡಾಯ. ವಿಶ್ವವಿದ್ಯಾಲಯಗಳ ಡಿಪ್ಲೊಮಾದಲ್ಲಿ ಥೀಸಿಸ್ ಇರಲಿಲ್ಲ; ಕಲಿಕೆಯೆಲ್ಲ ವಾರ್ಡು, ಹೊರರೋಗಿ ವಿಭಾಗ, ಥಿಯೇಟರುಗಳಲ್ಲೇ.

• ಡಿಜಿಒ – ಹೆರಿಗೆ, ಸ್ತ್ರೀರೋಗ. ಡಿಸಿಎಚ್ – ಮಕ್ಕಳ ಆರೋಗ್ಯ. ಡಿಎ – ಅರಿವಳಿಕೆ. ಡಿಎಲ್‌ಒ – ಕಿವಿ, ಮೂಗು, ಗಂಟಲು. ಡಿಪಿಎಂ – ಮನೋವೈದ್ಯ. ಎಚ್ಚರ: 'ಡಿಎಂ' ಡಿಪ್ಲೊಮಾ ಅಲ್ಲ, ಎಂಡಿ ಮುಗಿಸಿದವರು ಓದುವ ಸೂಪರ್ ಸ್ಪೆಷಾಲಿಟಿ. ಪ್ರತಿ ಸಲ ಯಾರಾದರೂ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

• ಡಿಪ್ಲೊಮಾ ವೈದ್ಯರ ಪಾತ್ರವೇನು ಎಂದು ಕೇಳಿದರೆ ತಾಲ್ಲೂಕು ಆಸ್ಪತ್ರೆಯ ಒಂದು ರಾತ್ರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆರಿಗೆ ಕಷ್ಟವಾಗಿದೆ, ಮಗುವಿನ ಹೃದಯಬಡಿತ ಇಳಿಯುತ್ತಿದೆ, ಸಿಸೇರಿಯನ್ ಆಗಲೇಬೇಕು. ತಾಯಿಯನ್ನು ಬಾಗಿಸಿ ಕೂರಿಸಿ ಬೆನ್ನುಹುರಿಯ ಬಳಿ ಸೂಜಿ ಹಾಕುವವರು ಡಿಎ. ಹೊಟ್ಟೆ ಕೊಯ್ಯುವವರು ಡಿಜಿಒ. ಅಳದ ಮಗುವನ್ನು ಬೆಚ್ಚಗಿನ ಬಟ್ಟೆಯಲ್ಲಿ ಒರೆಸಿ ಉಸಿರು ಕೊಡುವವರು ಡಿಸಿಎಚ್. ಮೂವರಲ್ಲಿ ಒಬ್ಬರಿಲ್ಲದಿದ್ದರೂ ಆಂಬುಲೆನ್ಸ್ ಜಿಲ್ಲಾ ಕೇಂದ್ರದ ಕಡೆ ಹೊರಡಬೇಕಾಗಬಹುದು. ಎರಡೇ ವರ್ಷದಲ್ಲಿ ಇಂಥ ಕೈಗಳನ್ನು ಪಳಗಿಸಿದ್ದೇ ಡಿಪ್ಲೊಮಾದ ದೊಡ್ಡ ಕೊಡುಗೆ.

• 2019: ಡಿಪ್ಲೊಮಾ ಸೀಟು ಬಿಟ್ಟುಕೊಟ್ಟು ಎಂಡಿ, ಎಂಎಸ್ ಸೀಟು ಪಡೆಯಲು ಭಾರತೀಯ ವೈದ್ಯಕೀಯ ಪರಿಷತ್ತಿನ ಆಡಳಿತ ಮಂಡಳಿ ಕಾಲೇಜುಗಳಿಗೆ ಅವಕಾಶ ಕೊಟ್ಟಿತು. ಪದವಿ ಸೀಟು ಹೆಚ್ಚಿದವು, ಬೋಧಕರಾಗಬಲ್ಲವರೂ ಹೆಚ್ಚಿದರು. ಆದರೆ ಬೇಗ ಓದು ಮುಗಿಸಿ ಸಣ್ಣ ಊರಿಗೆ ಹೋಗುವ ದಾರಿ ಕಿರಿದಾಯಿತು. ಈ ನಷ್ಟವನ್ನು ಉತ್ತರದಲ್ಲಿ ಬರೆಯದೆ ಬಿಡಬೇಡಿ.

• 2020: ಆ ಕೊರತೆ ತುಂಬಲು ರಾಷ್ಟ್ರೀಯ ಪರೀಕ್ಷಾ ಮಂಡಳಿ 8 ವಿಷಯಗಳಲ್ಲಿ 2 ವರ್ಷದ ಡಿಪ್ಲೊಮಾ ಆರಂಭಿಸಿತು: ಅರಿವಳಿಕೆ, ಪ್ರಸೂತಿ–ಸ್ತ್ರೀರೋಗ, ಮಕ್ಕಳ ವೈದ್ಯ, ಕುಟುಂಬ ವೈದ್ಯ, ನೇತ್ರ, ರೇಡಿಯಾಲಜಿ, ಇಎನ್‌ಟಿ, ಕ್ಷಯ–ಎದೆರೋಗ. ಪ್ರವೇಶ ನೀಟ್ ಪಿಜಿ ಮೂಲಕ. ಮೆಡಿಕಲ್ ಕಾಲೇಜೇ ಆಗಬೇಕೆಂದಿಲ್ಲ, ಮಾನ್ಯತೆ ಪಡೆದ ಜಿಲ್ಲಾ ಆಸ್ಪತ್ರೆಯಲ್ಲೂ ಕಲಿಯಬಹುದು. ನನ್ನ ದೃಷ್ಟಿಯಲ್ಲಿ ನಿಜವಾದ ಬದಲಾವಣೆ ಇದೇ: ಎಲ್ಲಿ ವೈದ್ಯರು ಬೇಕೋ ಅಲ್ಲೇ ಪಾಠ.

• ಮುಂದಿನ ಓದು: ಡಿಪ್ಲೊಮಾ ಮುಗಿಸಿದವರು ಪ್ರತ್ಯೇಕ ಪ್ರವೇಶ ಪರೀಕ್ಷೆ ಬರೆದು ಅದೇ ವಿಷಯದಲ್ಲಿ ಇನ್ನೆರಡು ವರ್ಷ ಓದಿ ಡಿಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿಯ, ಎಂಡಿ, ಎಂಎಸ್‌ಗೆ ಸಮಾನವಾದ ಪದವಿ) ಪಡೆಯಬಹುದು.