ಕೀಲಿಮಣೆಯ ಅಭ್ಯಾಸವೂ ಗಣಕಭೇದವೂ

ವಿದ್ಯೆಯು ಬುದ್ಧಿಯಲ್ಲಿ ನೆಲೆಸುವುದೆಂದು ನಾವು ತಿಳಿದಿರುತ್ತೇವೆ. ಆದರೆ ಕೆಲವು ವಿದ್ಯೆಗಳು ಬೆರಳುಗಳಲ್ಲಿ ನೆಲೆಸುತ್ತವೆ. ಬೆರಳಚ್ಚು ಅಂಥದೊಂದು. ಒಂದು ಬಗೆಯ ಗಣಕಯಂತ್ರದಲ್ಲಿ ಹಲವು ವರ್ಷ ಪಳಗಿದ ಅಧ್ಯಾಪಕರು ಮತ್ತೊಂದರ ಮುಂದೆ ಕುಳಿತಾಗ ತಡವರಿಸುತ್ತಾರೆ. ಕಂಡವರು ‘ವಯಸ್ಸಾಯಿತು’ ಎಂದುಬಿಡುತ್ತಾರೆ. ಆ ಮಾತು ನ್ಯಾಯವಲ್ಲವೆಂದು ತೋರಿಸಿ, ತಡವರಿಕೆಗೆ ಪರಿಹಾರವನ್ನು ಸೂಚಿಸುವುದೇ ಈ ಲೇಖನದ ಉದ್ದೇಶ.

ಸ್ವಾನುಭವವೊಂದನ್ನು ಹೇಳುತ್ತೇನೆ. ಹೊಸದಾಗಿ ಬಂದ ಗಣಕದಲ್ಲಿ ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸುತ್ತ ‘ಅಕ್ಕ’ ಎಂಬ ಪದಕ್ಕಾಗಿ ರೂಢಿಯಂತೆ ಎ, ಕೆ, ಎಫ್, ಕೆ ಕೀಲಿಗಳನ್ನು ಒತ್ತಿದೆ. ತೆರೆಯ ಮೇಲೆ ಮೊದಲು ಆಶ್ರಯವಿಲ್ಲದ ಓತ್ವದ ಚಿಹ್ನೆಯೊಂದು ಮೂಡಿತು. ಅದರ ಬೆನ್ನಿಗೆ ‘ಕಿಕ’ ಎಂದು ಬಂದಿತು. ಕನ್ನಡ ಪಂಡಿತನಿಗೆ ‘ಅಕ್ಕ’ ಬರೆಯಲು ಬಾರದಾಯಿತು! ಆ ದಿನ ನಾನು ಕೈಬರಹಕ್ಕೇ ಮರಳಿದೆನೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಕಾರಣವು ಸರಳವಾಗಿತ್ತು. ನಾನು ಕಲಿತದ್ದು ನಮ್ಮ ಉಡುಪಿಯಲ್ಲಿ ನೆಲೆಸಿದ ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ಆ ವಿನ್ಯಾಸವೇ ‘ನುಡಿ’ಯ ಮೂಲಕ ನಾಡಿನಲ್ಲೆಲ್ಲ ಹರಡಿತು, ಸರ್ಕಾರವೂ ಅದನ್ನು ಅಂಗೀಕರಿಸಿತು. ಅದರಲ್ಲಿ ಧ್ವನಿಸಾಮ್ಯವೇ ಪ್ರಧಾನ. ಒತ್ತಕ್ಷರವನ್ನು ಕೂಡಿಸಲು ಎಫ್ ಕೀಲಿ. ಹೊಸ ಗಣಕದಲ್ಲಿದ್ದುದು 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ನಿಗದಿಪಡಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸ. ಅದು ಭಾರತದ ಹಲವು ಲಿಪಿಗಳಿಗೆ ಸಮಾನವಾದುದು. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಅಲ್ಲಿ ಎಫ್ ಎಂದರೆ ಗುಡಿಸು, ಒತ್ತಕ್ಷರಕ್ಕೆ ಡಿ. ‘ಕ’ ಮಾತ್ರ ಎರಡರಲ್ಲಿಯೂ ಒಂದೇ ಕೀಲಿಯಲ್ಲಿದೆ! ಎರಡೂ ಶಾಸ್ತ್ರಬದ್ಧವೇ, ದೋಷವಿದ್ದದ್ದು ಯಂತ್ರದಲ್ಲೂ ಅಲ್ಲ, ಬೆರಳಿನಲ್ಲೂ ಅಲ್ಲ.

ಅಕ್ಷರದ ಮಾತಾಯಿತು. ಶಾರ್ಟ್‌ಕಟ್ ಎನಿಸುವ ಕೀಲಿಜೋಡಣೆಗಳದೂ ಇದೇ ಕಥೆ. ಕಾರ್ಕಳದ ಮನೆಯಲ್ಲಿ ವಿಂಡೋಸ್, ಮಣಿಪಾಲದ ಕಛೇರಿಯಲ್ಲಿ ಮ್ಯಾಕ್ ಅಥವಾ ಲಿನಕ್ಸ್ ಎಂಬಂತೆ ದುಡಿಯುವವರಿಗೆ ಇದು ನಿತ್ಯದ ತೊಡಕು. ಇಲ್ಲಿ ನಮ್ಮ ವ್ಯಾಕರಣವು ನೆರವಾಗುತ್ತದೆ. ನಕಲಿಗೆ ಸಿ, ಅಂಟಿಸಲು ವಿ, ಕತ್ತರಿಸಲು ಎಕ್ಸ್, ಮಾಡಿದ್ದನ್ನು ಹಿಂತೆಗೆಯಲು ಝೆಡ್: ಇವು ಪ್ರಕೃತಿಗಳು, ಎಲ್ಲೆಡೆಯೂ ಸಮಾನ. ಜೊತೆಗೆ ಒತ್ತುವ ಕೀಲಿಯೇ ಪ್ರತ್ಯಯ. ವಿಂಡೋಸ್ ಮತ್ತು ಲಿನಕ್ಸ್‌ಗಳಲ್ಲಿ ಕಂಟ್ರೋಲ್, ಮ್ಯಾಕ್‌ನಲ್ಲಿ ಕಮಾಂಡ್. ಕಂಟ್ರೋಲ್ ಮೂಲೆಯಲ್ಲಿದ್ದು ಕಿರುಬೆರಳಿಗೆ ಸೇರಿದರೆ, ಕಮಾಂಡ್ ಸ್ಪೇಸ್ ಪಟ್ಟಿಯ ಪಕ್ಕದಲ್ಲಿದ್ದು ಹೆಬ್ಬೆರಳಿಗೆ ಸೇರುತ್ತದೆ. ಪ್ರತ್ಯಯವೊಂದನ್ನು ಬದಲಿಸಿಕೊಂಡರೆ ಬಹುಪಾಲು ಕೆಲಸ ಸಾಗುತ್ತದೆ. ಇದು ಉತ್ಸರ್ಗ.

ಅಪವಾದಗಳನ್ನು ಪ್ರತ್ಯೇಕವಾಗಿ ಕಲಿಯಬೇಕು. ಒಂದು: ಲಿನಕ್ಸ್‌ನ ಟರ್ಮಿನಲ್ಲಿನಲ್ಲಿ ಕಂಟ್ರೋಲ್ ಮತ್ತು ಸಿ ಒತ್ತಿದರೆ ನಕಲಾಗದು, ನಡೆಯುತ್ತಿರುವ ಕೆಲಸವೇ ನಿಲ್ಲುತ್ತದೆ, ನಕಲಿಗೆ ಶಿಫ್ಟನ್ನೂ ಸೇರಿಸಬೇಕು. ಎರಡು: ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಡಬ್ಲ್ಯೂ ಒಂದು ಕಿಟಕಿಯನ್ನು ಮುಚ್ಚಿದರೆ, ಪಕ್ಕದ ಕ್ಯೂ ಇಡೀ ತಂತ್ರಾಂಶವನ್ನೇ ಮುಚ್ಚುತ್ತದೆ. ಮೂರು: ಭಾಷೆಯನ್ನು ಬದಲಿಸಲು ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿಯೊಡನೆ ಸ್ಪೇಸ್, ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಕಂಟ್ರೋಲ್‌ನೊಡನೆ ಸ್ಪೇಸ್. ಅಲ್ಲಿ ಕಮಾಂಡ್‌ನೊಡನೆ ಸ್ಪೇಸ್ ಒತ್ತಿದರೆ ಹುಡುಕುವ ಪೆಟ್ಟಿಗೆ ತೆರೆಯುತ್ತದೆ. ಹೀಗೆ ನಿತ್ಯ ಬೇಕಾಗುವ ಹತ್ತನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟುಕೊಂಡು, ಎರಡು ವಾರ ಅದರಂತೆಯೇ ದುಡಿದರೆ ಬೆರಳು ಒಗ್ಗುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಏನೂ ತಿಳಿಯದವನು ಇಲ್ಲಿ ತಪ್ಪುವುದಿಲ್ಲ, ನೋಡಿ ನೋಡಿ ಒತ್ತುತ್ತಾನೆ. ಚೆನ್ನಾಗಿ ಪಳಗಿದವನೇ ತಪ್ಪುತ್ತಾನೆ. ಆದುದರಿಂದ ತಡವರಿಕೆಯು ಅಜ್ಞಾನದ ಗುರುತಲ್ಲ, ಅಭ್ಯಾಸದ ಗುರುತು. ಇದನ್ನರಿಯದೆ ನಾವು ನಕ್ಕರೆ, ಆ ಅಧ್ಯಾಪಕರು ಕನ್ನಡದಲ್ಲಿ ಬೆರಳಚ್ಚಿಸುವುದನ್ನೇ ಬಿಟ್ಟುಬಿಟ್ಟಾರು; ಸೂಚನೆಗಳು ಇಂಗ್ಲಿಷಿನಲ್ಲಿ ಹೊರಟಾವು. ನಷ್ಟವಾಗುವುದು ಭಾಷೆಗೆ.

ಶಾಲೆಗಳಿಗೆ ಗಣಕಗಳನ್ನು ನೀಡುವ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ವಿನಂತಿ. ಯಂತ್ರದೊಡನೆ ಒಂದು ದಿನವನ್ನೂ ದಾನಮಾಡಿರಿ. ಅಧ್ಯಾಪಕರ ಬೆರಳಿಗೆ ಪರಿಚಿತವಾದ ವಿನ್ಯಾಸವನ್ನು ಅದರಲ್ಲಿ ಅಳವಡಿಸಿಕೊಡಿರಿ. ಲಿನಕ್ಸ್‌ನ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನಿಂದ ಅದು ಸಿದ್ಧವಾಗಿಯೇ ಇದೆ, ವಿಂಡೋಸ್‌ಗೆ ‘ನುಡಿ’ಯಿದೆ. ಹಾಗೆ ಅಳವಡಿಸಿಕೊಂಡ ಮೇಲೆಯೇ ಈ ಲೇಖನವನ್ನು ನಾನು ಅದೇ ಗಣಕದಲ್ಲಿ ಬೆರಳಚ್ಚಿಸಿದ್ದೇನೆ. ಈ ಸಲ ‘ಅಕ್ಕ’ ಸರಿಯಾಗಿಯೇ ಬಂದಿದ್ದಾಳೆ.