ಹಳೇ ಲ್ಯಾಪ್‌ಟಾಪ್ ಆನ್ ಆಗದಿದ್ದರೆ: ಒಂದು ವಿದ್ಯುತ್ ಪಾಠ

"ಸಾರ್, ಅಣ್ಣನ ಲ್ಯಾಪ್‌ಟಾಪ್ ಆನ್ ಆಗ್ತಾ ಇಲ್ಲ. ಬ್ಯಾಟರಿ ಹೋಗಿರಬೇಕು."

ಕೊಯಮತ್ತೂರು, ತಿರುಪ್ಪೂರು ಕಡೆಯ ಶಿಕ್ಷಕರಿಗೆ ಈ ಮಾತು ಹೊಸದಲ್ಲ. ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರುಮಾಡಿದ್ದು 2011ರಲ್ಲಿ. ಹಾಗೆ ಬಂದ ಯಂತ್ರಗಳು ಅಣ್ಣ-ಅಕ್ಕಂದಿರಿಂದ ತಮ್ಮ-ತಂಗಿಯರ ಕೈ ಸೇರಿವೆ. ಕಷ್ಟಪಟ್ಟು ಕನ್ನಡದಲ್ಲಿ ಟೈಪ್ ಮಾಡಿಟ್ಟ ಪಾಠಗಳು ಇಂಥ ಯಂತ್ರದಲ್ಲೇ ಉಳಿದುಬಿಟ್ಟಿರಬಹುದು. ಗುಜರಿಗೆ ಹಾಕುವ ಮೊದಲು ಒಂದು ಪೀರಿಯಡ್ ಅದಕ್ಕೆ ಕೊಡೋಣ. "ಬ್ಯಾಟರಿ ಹೋಗಿದೆ" ಅನ್ನೋದು ಊಹೆ. ಪರೀಕ್ಷಿಸಿದ ಮೇಲಷ್ಟೇ ಅದು ತೀರ್ಮಾನ.

ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಫಲಿತಾಂಶ ಬರೆದಿಡಿ.

ಎಚ್ಚರಿಕೆ: ಬ್ಯಾಟರಿ ಉಬ್ಬಿದ್ದರೆ ಚಾರ್ಜ್ ಮಾಡಲೇಬೇಡಿ. ಅದನ್ನು ಒತ್ತುವುದು, ಚುಚ್ಚುವುದು, ಕಸದ ತೊಟ್ಟಿಗೆ ಎಸೆಯುವುದು ಬೆಂಕಿಗೆ ದಾರಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಅಡಾಪ್ಟರ್ ಡಬ್ಬಿಯನ್ನು ಬಿಚ್ಚಬೇಡಿ. ಅದರೊಳಗೆ 230 ವೋಲ್ಟ್ ಬರುತ್ತದೆ.

1. ಗೋಡೆಯ ಸಾಕೆಟ್: ಅದೇ ಸಾಕೆಟ್‌ಗೆ ಫೋನ್ ಚಾರ್ಜರ್ ಹಾಕಿ. ಫೋನ್ ಚಾರ್ಜ್ ಆದರೆ ಸಾಕೆಟ್ ಸರಿಯಿದೆ.

2. ಅಡಾಪ್ಟರ್: ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ಒಂದು ಪ್ರೋಬ್ ದುಂಡು ಪಿನ್ನಿನ ಒಳಗೆ, ಇನ್ನೊಂದು ಹೊರಗಿನ ಲೋಹಕ್ಕೆ ಹಿಡಿಯಿರಿ. ಎರಡೂ ಒಂದಕ್ಕೊಂದು ತಾಗಬಾರದು. ಪಿನ್ನಿನ ನಡುವೆ ಸೂಜಿಯಂಥ ಇನ್ನೊಂದು ತಂತಿ ಇದ್ದರೆ ಈ ಅಳತೆ ಮೆಕ್ಯಾನಿಕ್‌ಗೆ ಬಿಡಿ. ಲೇಬಲ್‌ನಲ್ಲಿ 19 ವೋಲ್ಟ್ ಅಂತಿದ್ದರೆ ಮೀಟರ್ ಸುಮಾರು ಅಷ್ಟನ್ನೇ ತೋರಿಸಬೇಕು. ಈಗ ವಯರನ್ನು ಪಿನ್ನಿನ ಬುಡದಲ್ಲಿ ಮೆಲ್ಲಗೆ ಅಲುಗಾಡಿಸಿ. ಅಂಕಿ ಕುಣಿದರೆ ಒಳಗೆ ತಂತಿ ತುಂಡಾಗಿದೆ. ಅಂಕಿ ಸರಿಯಾಗಿದ್ದರೂ ಅಡಾಪ್ಟರ್ ಪೂರ್ತಿ ಪಾಸ್ ಅಲ್ಲ: ಕೆಲವು ಅಡಾಪ್ಟರ್‌ಗಳು ಹೊರೆ ಬಿದ್ದಾಗ ಮಾತ್ರ ಕುಸಿಯುತ್ತವೆ. ಅದೇ ಅಳತೆಯ ಇನ್ನೊಂದು ಅಡಾಪ್ಟರ್ ಹಾಕಿ ನೋಡಿದರೆ ಅನುಮಾನ ತೀರುತ್ತದೆ.

3. ಬ್ಯಾಟರಿ ಇಲ್ಲದೆ: ಬ್ಯಾಟರಿ ಕಳಚಿ ಬರುವ ಮಾದರಿಯಾದರೆ ಅಡಾಪ್ಟರ್, ಬ್ಯಾಟರಿ ಎರಡನ್ನೂ ತೆಗೆಯಿರಿ. ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿದರೆ ಉಳಿದ ವಿದ್ಯುದಾವೇಶ ಖಾಲಿಯಾಗುತ್ತದೆ. ನಂತರ ಅಡಾಪ್ಟರ್ ಮಾತ್ರ ಹಾಕಿ ಆನ್ ಮಾಡಿ. ಆನ್ ಆದರೆ ಬ್ಯಾಟರಿಯ ಮೇಲೆ ಅನುಮಾನ. ಆಗದಿದ್ದರೆ ಚಾರ್ಜಿಂಗ್ ಸಾಕೆಟ್ ಅಥವಾ ಬೋರ್ಡ್. ಅದು ಮೆಕ್ಯಾನಿಕ್ ಕೆಲಸ.

4. ಬ್ಯಾಟರಿಯ ಲೆಕ್ಕ: ಮೇಲೆ 11.1 ವೋಲ್ಟ್, 4400 ಮಿಲಿಆಂಪಿಯರ್-ಗಂಟೆ ಅಂತ ಇದೆ ಅನ್ನಿ.
11.1 × 4.4 = 48.84 ವ್ಯಾಟ್-ಗಂಟೆ
ಯಂತ್ರ ಸರಾಸರಿ 15 ವ್ಯಾಟ್ ಬಳಸಿದರೆ ಹೊಸದರಲ್ಲಿ ಸುಮಾರು ಮೂರೂಕಾಲು ಗಂಟೆ ಬರಬೇಕು. ಈಗ 40 ನಿಮಿಷ ಬರುತ್ತಿದ್ದರೆ ಉಳಿದಿರುವುದು 10 ವ್ಯಾಟ್-ಗಂಟೆ, ಅಂದರೆ ಸುಮಾರು ಐದನೇ ಒಂದು ಪಾಲು. ಅಡಾಪ್ಟರ್ ಹಾಕಿಕೊಂಡೇ ಕೆಲಸ ಮಾಡಬಹುದಾದರೆ ಹೊಸ ಬ್ಯಾಟರಿಗೆ ಅವಸರವಿಲ್ಲ.

5. ಬಿಸಿ: ಆನ್ ಆಗಿ ಸ್ವಲ್ಪ ಹೊತ್ತಿಗೆ ತಾನಾಗಿ ಆಫ್ ಆಗುತ್ತದೆಯೇ? ತಳ ಮುಟ್ಟಿ ನೋಡಿ. ಸ್ಪಿನ್ನಿಂಗ್ ಮಿಲ್, ಬನಿಯನ್ ಕಂಪನಿಗಳ ಪಕ್ಕದ ಮನೆಗಳಲ್ಲಿ ಹತ್ತಿಯ ಧೂಳು ಗಾಳಿಯಲ್ಲೇ ಇರುತ್ತದೆ. ಅದು ಫ್ಯಾನಿನ ಕಿಂಡಿಯಲ್ಲಿ ಕಟ್ಟಿಕೊಂಡರೆ ಶಾಖ ಹೊರಗೆ ಹೋಗದು. ಪ್ರೊಸೆಸರ್ ಸುಡದಿರಲೆಂದು ಯಂತ್ರ ತಾನೇ ನಿಲ್ಲುತ್ತದೆ. ನೋಡಲು ಕರೆಂಟಿನ ತೊಂದರೆ, ನಿಜಕ್ಕೆ ಧೂಳಿನ ತೊಂದರೆ. ಆಫ್ ಮಾಡಿ, ಪ್ಲಗ್ ತೆಗೆದು, ಮೃದುವಾದ ಬ್ರಷ್‌ನಿಂದ ಕಿಂಡಿ ಸ್ವಚ್ಛ ಮಾಡಿ.

ಯಾವುದರಿಂದಲೂ ಆಗಲಿಲ್ಲವೇ? ಆಗಲೂ ಪಾಠಗಳು ಹೋದವು ಅಂತ ತಿಳಿಯಬೇಡಿ. ಹಾರ್ಡ್ ಡಿಸ್ಕ್ ಕೆಟ್ಟಿಲ್ಲದಿದ್ದರೆ ಅದನ್ನು ತೆಗೆದು, ಯುಎಸ್‌ಬಿ ಕೇಸಿಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ಫೈಲುಗಳನ್ನು ತೆಗೆದುಕೊಳ್ಳಬಹುದು.

ತರಗತಿಗೆ ಪ್ರಶ್ನೆ: 19 ವೋಲ್ಟ್, 3.42 ಆಂಪಿಯರ್ ಅಡಾಪ್ಟರ್ ಬದಲು 19 ವೋಲ್ಟ್, 4.74 ಆಂಪಿಯರ್‌ನದು ಹಾಕಿದರೆ ಯಂತ್ರ ಸುಡುತ್ತದೆಯೇ? 2.1 ಆಂಪಿಯರ್‌ನದಾದರೆ?

ಉತ್ತರ: ಸಾಮರ್ಥ್ಯ = ವಿಭವಾಂತರ × ವಿದ್ಯುತ್ ಪ್ರವಾಹ. ಮೂರೂ ಕ್ರಮವಾಗಿ ಸುಮಾರು 65, 90, 40 ವ್ಯಾಟ್. ವೋಲ್ಟ್, ಪಿನ್ನು, ಧ್ರುವ ಒಂದೇ ಆಗಿದ್ದರೆ 90ರದ್ದು ಸುಡದು. ಯಂತ್ರ ತನಗೆ ಬೇಕಾದಷ್ಟು ಪ್ರವಾಹವನ್ನೇ ಎಳೆದುಕೊಳ್ಳುತ್ತದೆ. 40ರದ್ದು ಸಾಲದು: ಚಾರ್ಜ್ ಆಗದಿರಬಹುದು, ಕೆಲಸದ ನಡುವೆ ಆಫ್ ಆಗಬಹುದು. ಹೆಚ್ಚು ಆಂಪಿಯರ್ ಬರೆದಿದ್ದರೆ ಅಪಾಯ ಅಂತ ನಂಬಿದ ಮಕ್ಕಳು ಇಲ್ಲಿ ಖಂಡಿತ ವಾದ ಮಾಡ್ತಾರೆ. ಮಾಡಲಿ ಬಿಡಿ, ಪಾಠ ಶುರುವಾಗೋದೇ ಅಲ್ಲಿ.