ಗಾಡಿಯಲ್ಲಿ ರಬ್ಬರು ಸುಟ್ಟ ವಾಸನೆ: ಕಾರಣವನ್ನು ಕಂಡುಹಿಡಿಯುವ ಕ್ರಮ

ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಸರಕಿನ ಪಿಕಪ್ ಗಾಡಿ ನಡೆಸುವವರಿದ್ದಾರೆ. ಅಂಥ ಗಾಡಿಗಳ ಲೆಕ್ಕ ಬರೆಯುವ ಗುಮಾಸ್ತರೂ ಇದ್ದಾರೆ. ಇಬ್ಬರಿಗೂ ಉಪಯೋಗವಾಗಲೆಂದು ಈ ಪಾಠ.

ವಾಶಿಯ ಮಾರುಕಟ್ಟೆಯಿಂದ ಸರಕು ತುಂಬಿಕೊಂಡು ಪುಣೆಗೆ ಹೊರಟ ಗಾಡಿ ಖೋಪೋಲಿ ದಾಟಿ ಘಾಟು ಏರುವಾಗ ಒಮ್ಮೊಮ್ಮೆ ರಬ್ಬರು ಸುಟ್ಟಂಥ ವಾಸನೆ ಮೂಗಿಗೆ ಬಡಿಯುವುದುಂಟು. ಕೆಲವರು “ಘಾಟಿನಲ್ಲಿ ಇದು ಇದ್ದದ್ದೇ” ಎಂದು ಮುಂದೆ ಸಾಗುತ್ತಾರೆ. ಕೆಲವರು ಗ್ಯಾರೇಜಿನಲ್ಲಿ ಹೇಳಿದ್ದನ್ನೆಲ್ಲ ಬದಲಿಸಿ ಹಣ ಕಳೆದುಕೊಳ್ಳುತ್ತಾರೆ. ಎರಡೂ ಸರಿಯಲ್ಲ. ವಾಸನೆ ಒಂದೇ ಬಗೆಯದೆಂದು ತೋರಿದರೂ ಅದರ ಮೂಲ ಬೇರೆ ಬೇರೆ ಇರುತ್ತದೆ. ವಾಸನೆ ಯಾವಾಗ ಬರುತ್ತದೆ, ಗಾಡಿಯ ಯಾವ ಭಾಗದಿಂದ ಬರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಮೊದಲು ರಸ್ತೆಯ ಪಕ್ಕಕ್ಕೆ, ಸಾಧ್ಯವಾದಷ್ಟು ಸಮನಾದ ಜಾಗದಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಗಾಲಿಗಳಿಗೆ ಕಲ್ಲು ಕೊಡಬೇಕು. ಬಾನೆಟ್ಟಿನ ಸಂದಿನಿಂದ ದಟ್ಟ ಹೊಗೆ ಬರುತ್ತಿದ್ದರೆ ಅದನ್ನು ಎತ್ತಕೂಡದು. ಗಾಳಿ ನುಗ್ಗಿ ಬೆಂಕಿ ಹೆಚ್ಚುತ್ತದೆ. ದೂರ ನಿಂತು 112ಕ್ಕೆ ಕರೆ ಮಾಡತಕ್ಕದ್ದು. ಹೊಗೆ ಇಲ್ಲದಿದ್ದರೆ ಮುಂದಿನಂತೆ ಪರೀಕ್ಷಿಸಬಹುದು.

1. ಕ್ಲಚ್ಚು. ಏರಿನಲ್ಲಿ ಮಾತ್ರ ವಾಸನೆ ಬರುತ್ತಿದ್ದು, ಎಂಜಿನ್ ಜೋರಾಗಿ ಕೂಗಿದರೂ ಗಾಡಿಯ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆಯೆಂದು ತಿಳಿಯಬೇಕು. ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಏರಿನ ಮೇಲೆ ತಡೆದು ನಿಲ್ಲಿಸುವುದು, ಪೆಡಲಿನ ಮೇಲೆ ಸದಾ ಕಾಲಿಡುವುದು, ಅತಿಯಾದ ಭಾರ ಇವು ಮುಖ್ಯ ಕಾರಣಗಳು. ಅರ್ಧ ಗಂಟೆ ತಣಿಯಲು ಬಿಟ್ಟು, ಅಭ್ಯಾಸ ತಿದ್ದಿಕೊಂಡ ಮೇಲೆ ವಾಸನೆ ನಿಂತರೆ ಸಂತೋಷ. ಆಮೇಲೂ ಜಾರಿದರೆ ಪೆಡಲಿನ ಸಡಿಲವನ್ನು ಪರೀಕ್ಷಿಸಬೇಕು. ಅದು ಸರಿಯಿದ್ದರೆ ಪ್ಲೇಟು ಸವೆದಿದೆ.

2. ಬ್ರೇಕು. ಇಳಿಜಾರಿನಲ್ಲಿ ಬರುವ ವಾಸನೆ ಸಾಮಾನ್ಯವಾಗಿ ಬ್ರೇಕಿನದು. ಗಾಲಿಯನ್ನು ಮುಟ್ಟದೆ, ಗೇಣು ದೂರದಲ್ಲಿ ಅಂಗೈ ಹಿಡಿದು ನಾಲ್ಕನ್ನೂ ಹೋಲಿಸಬೇಕು. ಒಂದೇ ಗಾಲಿ ಕಾದಿದ್ದರೆ ಅಲ್ಲಿಯ ಬ್ರೇಕು ಕಚ್ಚಿಕೊಂಡಿದೆ. ಹಿಂದಿನ ಎರಡೂ ಕಾದಿದ್ದರೆ ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟಿದೆಯೇ ನೋಡಬೇಕು. ಕಾದ ಡ್ರಮ್ಮಿಗೆ ನೀರು ಸುರಿಯಕೂಡದು, ಬಿರುಕು ಬಿಡುತ್ತದೆ. ಡಾಟ್ 3 ಎಂಬ ಬ್ರೇಕ್ ಎಣ್ಣೆ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರುತ್ತದೆ. ಹಾಗೆ ತೇವ ಹೀರಿದ ಎಣ್ಣೆಗೆ ನಿಗದಿಯಾದ ಮಿತಿ 140 ಡಿಗ್ರಿ ಮಾತ್ರ. ಎಣ್ಣೆ ಕುದಿದು ಆವಿಯಾದರೆ ಪೆಡಲು ಮೆತ್ತಗಾಗಿ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಆದುದರಿಂದ ಘಾಟು ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಪ್ರಾಣ ಉಳಿಸುವ ಮಾತು.

3. ಬೆಲ್ಟು. ಎಂಜಿನ್ ಶುರುಮಾಡುವಾಗ ಕಿರ್ರೆಂಬ ಸದ್ದು ಬಂದು, ವಾಸನೆ ಬಾನೆಟ್ಟಿನ ಕಡೆಯಿಂದ ಬಂದರೆ ಬೆಲ್ಟು ಜಾರುತ್ತಿದೆ. ಎಂಜಿನ್ ಆರಿಸಿದ ಮೇಲೆಯೇ ಕೈ ಹಾಕಬೇಕು. ಅಂಚು ಬಿರಿದಿದ್ದರೆ ಅಥವಾ ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಬದಲಿಸಬೇಕು. ಹೊಸ ಬೆಲ್ಟೂ ಬೇಗ ಸುಟ್ಟರೆ ಆಲ್ಟರ್ನೇಟರಿನ ಅಥವಾ ನೀರಿನ ಪಂಪಿನ ಬೇರಿಂಗು ಬಿಗಿದಿರಬಹುದು. ಇದನ್ನು ಸಣ್ಣ ವಿಷಯವೆನ್ನಬೇಡಿ. ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನೊಂದಿಗೇ ತಿರುಗುತ್ತದೆ. ಬೆಲ್ಟು ಹರಿದರೆ ಬ್ರೇಕ್ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ.

4. ಟಯರು. ಭಾರ ಹೆಚ್ಚಾಗಿ ಸ್ಪ್ರಿಂಗಿನ ಪಟ್ಟಿಗಳು ಕುಸಿದರೆ ಟಯರು ಮೇಲಿನ ತಗಡಿಗೆ ಉಜ್ಜುತ್ತದೆ. ಉಜ್ಜಿದ ಗುರುತು ಕಣ್ಣಿಗೆ ಕಾಣುತ್ತದೆ. ಗಾಳಿ ಕಡಿಮೆಯಾದರೂ ಟಯರು ಕಾಯುತ್ತದೆ. ಭಾರ ಇಳಿಸುವುದು, ಗಾಳಿ ಸರಿಪಡಿಸುವುದು ಇವೇ ಮದ್ದು.

5. ವೈರು. ಪ್ಲಾಸ್ಟಿಕ್ ಸುಟ್ಟಂಥ ತೀಕ್ಷ್ಣ ವಾಸನೆ ಡ್ಯಾಶ್‌ಬೋರ್ಡಿನಿಂದ ಬಂದು, ದೀಪ ಅಥವಾ ಹಾರ್ನು ಕೈಕೊಟ್ಟರೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಫ್ಯೂಸು ಹೋದ ಜಾಗದಲ್ಲಿ ತಾಮ್ರದ ತಂತಿ ಸುತ್ತುವುದು ಗಾಡಿಗೆ ತಾನೇ ಬೆಂಕಿ ಇಟ್ಟಂತೆ.

6. ಪ್ಲಾಸ್ಟಿಕ್ ಚೀಲ. ರಸ್ತೆಯಲ್ಲಿ ಹಾರುವ ಚೀಲ ಸೈಲೆನ್ಸರಿಗೆ ಅಂಟಿ ಕರಗಿದರೂ ಇದೇ ಬಗೆಯ ವಾಸನೆ ಬರುತ್ತದೆ. ತಣಿದ ಮೇಲೆ ಕೆರೆದು ತೆಗೆದರೆ ಖರ್ಚಿಲ್ಲದೆ ಮುಗಿಯುತ್ತದೆ. ಗ್ಯಾರೇಜಿಗೆ ಹೋಗುವ ಮುನ್ನ ಒಮ್ಮೆ ಬಗ್ಗಿ ನೋಡುವುದು ಲೇಸು.

ಇವುಗಳಲ್ಲಿ ಬ್ರೇಕು, ವೈರು ಇವೆರಡರ ದೋಷವಿದ್ದರೆ ಮಾಲಿಕರು ಎಷ್ಟೇ ಅವಸರಪಡಿಸಲಿ, ಗಾಡಿಯನ್ನು ಮುಂದೆ ನಡೆಸಕೂಡದು. ಸರಕು ತಡವಾಗಿ ಮುಟ್ಟಿದರೆ ನಷ್ಟ ಒಂದು ದಿನದ್ದು; ಘಾಟಿನಲ್ಲಿ ಬ್ರೇಕು ಹೋದರೆ ನಷ್ಟ ಒಂದು ಮನೆಯದು.

ಕೊನೆಗೆ ಒಂದು ಸೂಚನೆ. ವಾಸನೆ ಬಂದ ದಿನ, ಸ್ಥಳ, ಏರೋ ಇಳಿಜಾರೋ, ಯಾವ ಗಾಲಿ ಕಾದಿತ್ತು, ಎಷ್ಟು ಭಾರವಿತ್ತು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಒಂದು ಪ್ರತಿ ತಮ್ಮಲ್ಲಿಟ್ಟುಕೊಂಡು, ಇನ್ನೊಂದನ್ನು ಕಚೇರಿಗೆ ಕೊಡಿರಿ. ಗುಮಾಸ್ತ ಬಂಧುಗಳು ಅದನ್ನು ಟ್ರಿಪ್ಪಿನ ಲೆಕ್ಕದೊಂದಿಗೆ ಜೋಡಿಸಿಡಲಿ. ಮೇಸ್ತ್ರಿಗೆ ಅದು ದಾರಿ ತೋರಿಸುತ್ತದೆ. ರಿಪೇರಿಯ ಖರ್ಚನ್ನು ಚಾಲಕನ ಸಂಬಳದಲ್ಲಿ ಹಿಡಿಯುವ ಮಾತು ಬಂದಾಗ, ಮೊದಲೇ ತಿಳಿಸಿದ್ದೆನೆಂಬುದಕ್ಕೆ ಅದೇ ಸಾಕ್ಷಿ.

ಅಭ್ಯಾಸದ ಪ್ರಶ್ನೆಗಳು:
(ಅ) ಇಳಿಜಾರಿನಲ್ಲಿ ವಾಸನೆ ಬಂದರೆ ಮೊದಲು ಏನನ್ನು ನೋಡಬೇಕು?
(ಆ) ಎಂಜಿನ್ ಕೂಗಿದರೂ ವೇಗ ಏರದಿದ್ದರೆ ದೋಷ ಎಲ್ಲಿದೆ?
(ಇ) ಬೆಲ್ಟು ಹರಿದರೆ ಬ್ರೇಕಿಗೆ ಏಕೆ ತೊಂದರೆಯಾಗಬಹುದು?